ಹಿಟ್ಟಿನ ಕೈ

ವಿರಾಜಪೇಟೆಯ ಬೇಕರಿಯಲ್ಲಿ ಇಪ್ಪತ್ತಾರು ವರ್ಷ
ಮೈದಾ ನಾದಿದ ಕೈ ಇದು.
ಎಳೆದರೆ ಮೊಳದುದ್ದ ಬರಬೇಕು ಹಿಟ್ಟು,
ಬಿಟ್ಟರೆ ಬಸವನಹುಳುವಿನ ಹಾಗೆ ಒಳಸರಿಯಬೇಕು,
ಬೆರಳಲ್ಲಿ ಒತ್ತಿದ ಗುಳಿ ಮೆಲ್ಲಗೆ ತುಂಬಿಕೊಂಡು
'ಆಯ್ತು ಮೊಯ್ದು, ಇನ್ನು ಒಲೆಗೆ ಹಾಕು' ಅನ್ನಬೇಕು.
ಅಷ್ಟೇ ನನ್ನ ವಿದ್ಯೆ.

ಮಡಿಕೇರಿಯ ಡಾಕ್ಟರು ರಿಪೋರ್ಟು ತಿರುಗಿಸಿ ನೋಡಿ
ಕೇಳಿದರು: ನೀವೇನು ಕೆಲಸ ಮಾಡೋದು?
ಹೇಳಿದೆ.
ಪೆನ್ನು ಕೆಳಗಿಟ್ಟರು.
ಹಸ್ನಾಳಿಗೆ ಆಗ ಏಳು, ತೂಕ ಹದಿನೈದು ಕಿಲೋ.
ಗೋಧಿ ಬೇಡ, ಮೈದಾ ಬೇಡ, ರವೆ ಬೇಡ, ಬಾರ್ಲಿ ಬೇಡ,
ಹಾಲೂ ಸದ್ಯಕ್ಕೆ ಬೇಡ.
ಮೊಟ್ಟೆಗೆ ಮೊದಲಿಂದಲೂ ಮೈಯೆಲ್ಲ ದದ್ದು.
'ಅಂಗಿಯ ಮೇಲಿನ ಹುಡಿ ಕೂಡ' ಅಂದರು,
ಮುಂದೆ ಹೇಳಲಿಲ್ಲ.

ಅಂದಿನಿಂದ ಹಿತ್ತಲ ಬಚ್ಚಲೇ ನನ್ನ ಮುಂಬಾಗಿಲು.
ಅಂಗಿ ಹೊರಗೆ, ಮುಂಡು ಹೊರಗೆ,
ಉಗುರಿನ ಸಂದಿಗೆ ಹಲ್ಲುಜ್ಜುವ ಹಳೇ ಬ್ರಷ್ಷು.
ಒಳಗಿಂದ ಅವಳು ಚಿಲಕ ಹಿಡಿದು ನಿಂತು
'ಉಪ್ಪಾ, ಮುಗೀತಾ?'
ಇನ್ನೂ ಕಿವಿ ತೊಳೆದಿಲ್ಲ ಮಗಳೇ.

ಅಕ್ಕಿ ರೊಟ್ಟಿ ಇದೆ, ನೂಪುಟ್ಟು ಇದೆ, ಕಡಂಬುಟ್ಟು ಇದೆ,
ಪತ್ತಿರಿಯನ್ನಂತೂ ಸೈನಬಾ ಕಣ್ಣು ಮುಚ್ಚಿ ಮಾಡುತ್ತಾಳೆ.
ಕೊಡಗಲ್ಲಿ ಹುಟ್ಟಿದವರಿಗೆ ಗೋಧಿ ಇಲ್ಲದಿದ್ದರೆ ಉಪವಾಸವೇ
ಅಂತ ಎಲ್ಲರೂ ಸಮಾಧಾನ ಹೇಳಿದರು.
ಹಸ್ನಾ ಮಾತ್ರ:
ಉಪ್ಪಾ ಊರ ಮಕ್ಕಳಿಗೆಲ್ಲ ಮಾಡ್ತಾರಲ್ಲ,
ನನಗೆ ಅದು ಬೇಕು.

ಗಿರಣಿಯ ಕಲ್ಲಲ್ಲಿ ಯಾರದೋ ಗೋಧಿ ಅಡಗಿದ್ದರೆ ಎಂದು
ಅಕ್ಕಿ ನೆನೆಸಿ, ಆರಿಸಿ, ಮಿಕ್ಸಿಯಲ್ಲೇ ಹುಡಿ ಮಾಡಿದೆವು.
ಅರ್ಧ ಪಾವು ರಾಗಿ, ಒಂದು ಹಿಡಿ ಸಬ್ಬಕ್ಕಿ,
ಮೆಡಿಕಲ್ ಶಾಪಿನಿಂದ ಇಸಬ್ಗೋಲು
(ಯಾಕೆ ಮೊಯ್ದಣ್ಣ, ಹೊಟ್ಟೆ ಸರಿ ಇಲ್ವಾ?)
ಯೀಸ್ಟು, ಬೆಲ್ಲದ ನೀರು, ತೆಂಗಿನೆಣ್ಣೆ.
ಕೈ ಹಾಕಿದೆ. ಅಯ್ಯೋ,
ಇದು ಹಿಟ್ಟೋ ನಾಟಿ ಗದ್ದೆಯ ಕೆಸರೋ!
ಎಳೆದರೆ ಹರಿಯುತ್ತದೆ, ಬಿಟ್ಟರೆ ಬಿದ್ದಲ್ಲೇ ಬಿದ್ದಿರುತ್ತದೆ.
ಅಂಟೂ ಇಲ್ಲ, ನಂಟೂ ಇಲ್ಲ,
ಇಪ್ಪತ್ತಾರು ವರ್ಷದ ತೋಳಿಗೆ ಇಲ್ಲಿ ಕೆಲಸವೇ ಇಲ್ಲ.
ಸೌಟು ಸಾಕು ಬಿಡಿ, ಅಂದಳು ಸೈನಬಾ, ನಗು ತಡೆದುಕೊಂಡು.

ಮೊದಲನೆಯದು ಇಟ್ಟಿಗೆ.
ಎರಡನೆಯದರ ನೆತ್ತಿ ಕುಸಿದು ಹೊಂಡ.
ಮೂರನೆಯದನ್ನು ಬಿಸಿಯಲ್ಲೇ ಕೊಯ್ದೆ, ಚಾಕುವಿಗೆ ಮೆತ್ತಿಕೊಂಡು ಬಂತು:
ಅಂಟು ಬೇಕಾದಲ್ಲಿಲ್ಲ, ಬೇಡದಲ್ಲಿ ಧಾರಾಳ.
ನಾಲ್ಕನೆಯದನ್ನು ಪಕ್ಕದ ಮನೆ ಕೋಳಿ ಕುಕ್ಕಿ ನೋಡಿ
ಬೇಲಿ ದಾಟಿ ವಾಪಸ್ಸು ಹೋಯಿತು.

ಕೋಳಿಯ ಯಜಮಾನಿ ದೇಚವ್ವ ಬೇಲಿಗೆ ಬಂದು
'ಸೋಡಾ ಹಾಕ್ತೀಯ, ಹುಳಿ ಎಲ್ಲಿ?' ಅಂದು
ಒಂದು ಪುಟ್ಟ ಬಾಟಲಿ ಕಾಚಂಪುಳಿ ಚಾಚಿದರು.
ಅವರ ಮನೆಯಲ್ಲಿ ಅದು ಹಂದಿಗೆ, ನಮ್ಮಲ್ಲಿ ಮೀನಿಗೆ.
ನಾನು ಏನೂ ಕೇಳಿರಲಿಲ್ಲ,
'ಬಾಟ್ಲಿ ಹೊಸದೇ ಮಾರಾಯ' ಅಂದರು.

ಎರಡು ಚಮಚ. ಹಿಟ್ಟು ಉಸಿರೆಳೆದುಕೊಂಡಿತು.
ಮರಳು ಹಾಸಿದ ದಬರಿಯಲ್ಲಿ ಒಂದು ಗಂಟೆ ಹತ್ತು ನಿಮಿಷ.
ಇಳಿಸಿ, ಅಸರ್‌ನಿಂದ ಮಗ್ರಿಬ್‌ವರೆಗೆ ಯಾರೂ ಮುಟ್ಟಲಿಲ್ಲ.
ಹಸ್ನಾ ಮಾತ್ರ ಕಿವಿ ಹತ್ತಿರ ಹಿಡಿದು
'ಚಿಟಿಚಿಟಿ ಅಂತ ಏನೋ ಹೇಳ್ತಿದೆ' ಅಂದಳು.

ನಾಲ್ಕು ಬೆರಳು ಎತ್ತರ, ಒಂದು ಕಡೆ ಓರೆ.
ಬೇಕರಿಯಲ್ಲಾದರೆ ಮಾಲೀಕರು
'ರಸ್ಕಿಗೆ ಹಾಕು' ಅನ್ನುತ್ತಿದ್ದರು.
ಕೊಯ್ದೆ. ಒಳಗೆ ಸಣ್ಣ ಸಣ್ಣ ತೂತು, ಬ್ರೆಡ್ಡಿನ ಹಾಗೇ.
ಅವಳು ಅಗಿದಳು. ತುಂಬ ಹೊತ್ತು ಅಗಿದಳು.
'ಸ್ವಲ್ಪ ಹುಳಿ.'
ಇನ್ನೊಂದು ತುಂಡಿಗೆ ಕೈ ಚಾಚಿದಳು.

ಕೆನ್ನೆಗೆ ಚೂರು ಮೆತ್ತಿತ್ತು. ಒರೆಸಬೇಕೆಂದು
ಅಭ್ಯಾಸದಂತೆ ಬಚ್ಚಲ ಕಡೆ ತಿರುಗಿದವನು
ನಿಂತೆ.
ಮೊಣಕೈವರೆಗೆ ಹಿಟ್ಟು, ಉಗುರೊಳಗೆ ಹಿಟ್ಟು,
ಅಕ್ಕಿಯದ್ದು, ರಾಗಿಯದ್ದು.
ಹಾಗೇ ಮುಟ್ಟಿದೆ.

ನಾಳೆ ಮೂರು ಗಂಟೆಗೆ ಮತ್ತೆ ಮೈದಾ.
ಬ್ರಷ್ಷು ಬಚ್ಚಲ ಗೂಡಲ್ಲಿದೆ.