ಲೀಕು

ಓನರ್ ಸಂಪಂಗಪ್ಪನವರು ಫೋನು ಮಾಡಿದರು:
"ಬಾತ್‌ರೂಮಿನ ಮೇಲೆ ಲೀಕಾಗ್ತಿದೆ,
ಏನ್ರೀ ಮಾಡ್ತಿದೀರ ತಾರಸಿ ಮೇಲೆ?"
ಲೀಕೇ ಬೆಳೀತಿದೀನಿ ಅನ್ನೋಣ ಅನಿಸಿತು.
ಅನ್ನಲಿಲ್ಲ. ಅಡ್ವಾನ್ಸು ಅವರ ಹತ್ತಿರವಿದೆ.

ಕ್ಲಬ್ಬಿನ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ
ಇದನ್ನು ಹೆಚ್ಚಿದವನು ನಾನು. ರಸೆಲ್ ಮಾರ್ಕೆಟ್ಟಿನಿಂದ
ಬೇರು ಕತ್ತರಿಸಿ, ರಬ್ಬರ್ ಬ್ಯಾಂಡು ಬಿಗಿದು ಬರುತ್ತಿದ್ದ ಕಟ್ಟು.
ಬಿಳಿಯದು ಸೂಪಿಗೆ, ಹಸಿರು ಕಸಕ್ಕೆ.
ನೆಲದಲ್ಲಿ ಹೇಗಿರುತ್ತದೆಂದು ಗೊತ್ತಿರಲಿಲ್ಲ,
ಬಾಯಲ್ಲಿ ಹೇಗಿರುತ್ತದೆಂದೂ.
ಉಪ್ಪು ನೋಡುವುದು ಬೇರೆ, ಉಣ್ಣುವುದು ಬೇರೆ.

ಗೌರಿ ಹಬ್ಬದ ಮಾರನೆಯ ದಿನ ಬಿತ್ತಿದ್ದು.
ಕರಿ ಎಳ್ಳೋ ಬೀಜವೋ ತಿಳಿಯದು;
ಮೊಳಕೆ, ಹೊಲಿಗೆ ದಾರದಷ್ಟು.
ಪೆನ್ನಿನ ಹಿಂಬದಿಯಿಂದ ತೂತು ಮಾಡಿ
ಪೇಂಟಿನ ಬಕೆಟ್ಟುಗಳಿಗೆ ಒಂದೊಂದಾಗಿ ಇಳಿಸಿದೆ,
ನಾಡಿ ಹಿಡಿದ ಹಾಗೆ, ಎರಡೇ ಬೆರಳಲ್ಲಿ.

ಆಮೇಲೆ ಕಾಯುವುದು.
ಪಕ್ಕದ ಡಬ್ಬದಲ್ಲಿ ಕೊತ್ತಂಬರಿ ಎರಡು ಸಲ ಬಂದು ಹೋಯಿತು.
ಅವರೆಕಾಯಿ ಬಂತು, ಅದರ ಸೊಗಡೂ ತೀರಿತು,
ಮರ್ಫಿ ಟೌನಿನ ಬೀದಿಯಲ್ಲಿ ಕ್ರಿಸ್‌ಮಸ್ ನಕ್ಷತ್ರ ಇಳಿಸಿದರು.
ಇದು ಇನ್ನೂ ಕಿರುಬೆರಳು.

"ಗಡ್ಡೆ ಎಲ್ಲಿ?" ಅಂದಳು ಅಕ್ಕಯಮ್ಮ, ಬಟ್ಟೆ ಒಣಹಾಕುತ್ತಾ.
"ಕಟ್ಟೋದಿಲ್ಲ ಕಣೇ."
"ಗಡ್ಡೆ ಕಟ್ಟದ ಈರುಳ್ಳಿಗೆ ಇಷ್ಟೊಂದು ಸೇವೆ!"

ಹದಿನೈದು ದಿನಕ್ಕೊಮ್ಮೆ ಕತ್ತಿನ ತನಕ ಮಣ್ಣೇರಿಸಬೇಕು,
ಬಿಸಿಲು ಕಾಣದಷ್ಟೇ ಬೆಳ್ಳಗಾಗುತ್ತದೆ.
ಮಣ್ಣು ಸಾಲದಾಗ, ಹಳೆಯ ಪೈಪು ಕೊಯ್ದು
ಒಂದೊಂದಕ್ಕೂ ತೊಡಿಸಿದೆ.
ಬೌರಿಂಗ್ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಕೊಂಡು ಕೂತ
ಕತ್ತುನೋವಿನವರ ಸಾಲು.

ಭಾನುವಾರ ಪ್ಲಂಬರನ್ನು ಕರೆದುಕೊಂಡೇ ಬಂದರು ಸಂಪಂಗಪ್ಪನವರು.
ಸೋರುತ್ತಿದ್ದುದು ಅವರ ಟ್ಯಾಂಕಿನ ವಾಲ್ವು.
ಯಾರೂ ಏನೂ ಅನ್ನಲಿಲ್ಲ.
ಹೊರಟವರು ನಿಂತು, ಬಗ್ಗಿ, ಒಂದು ಪೈಪು ಎತ್ತಿ ನೋಡಿ,
"ಇದೇನ್ರೀ ಇದು?"
"ಲೀಕು ಸಾರ್."
ಮುಖ ಗಂಟಿಕ್ಕಿತು.
ಎರಡು ಕಿತ್ತು ಕೈಗಿಟ್ಟೆ, ಹೆಬ್ಬೆರಳು ದಪ್ಪದವು.
ಮೂಸಿ ನೋಡಿದರು, ಇಳಿದು ಹೋದರು.

ಆ ರಾತ್ರಿ ಉಳಿದದ್ದರಲ್ಲಿ ಒಂದನ್ನು,
ಕಸಕ್ಕೆ ಹೋಗುವ ಹಸಿರನ್ನೂ ಬಿಡದೆ ಹೆಚ್ಚಿ
ಅಕ್ಕಯಮ್ಮ ರೊಟ್ಟಿ ಹಿಟ್ಟಿಗೆ ಕಲಸಿದಳು.
ಸೀಳಿ, ಪದರ ಬಿಡಿಸಿ, ಮೂರು ನೀರಲ್ಲಿ ತೊಳೀರೋ ಎಂದು
ಅಲ್ಲಿ ಹುಡುಗರಿಗೆ ಕೂಗುತ್ತಿದ್ದವನು
ಇಲ್ಲಿ ಹೇಳುವುದನ್ನೇ ಮರೆತೆ.

ಮೊದಲ ತುತ್ತು ಸಿಹಿ.
ಎರಡನೆಯದರಲ್ಲಿ ಹಲ್ಲಿಗೆ ಸಿಕ್ಕಿತು ಒಂದು ಹರಳು.
ಕ್ಲಬ್ಬಾಗಿದ್ದರೆ ಪ್ಲೇಟು ವಾಪಸ್ ಬರುತ್ತಿತ್ತು.
ಅಕ್ಕಯಮ್ಮ ನನ್ನ ಮುಖ ನೋಡುತ್ತಿದ್ದಳು.
ನುಂಗಿದೆ. ನಮ್ಮ ಬಕೆಟ್ಟಿನದೇ ಮಣ್ಣು.