ಮೂರನೇ ಪಾಳಿಯ ನೋಟ್‌ಬುಕ್

ಹತ್ತಿಗಿರಣಿ ಇದ್ದಲ್ಲಿ ಈಗ ಕಲ್ಯಾಣಮಂಟಪ.
ಅಪ್ಪನ ಟ್ರಂಕಿನ ತಳದಲ್ಲಿ ಸಿಕ್ಕಿತು
ಎಣ್ಣೆ ಕುಡಿದ ನೋಟ್‌ಬುಕ್.
ಒಂದು ಮಗ್ಗುಲಲ್ಲಿ ಕದಿರುಗಳ ಲೆಕ್ಕ, ಬೇರಿಂಗ್ ನಂಬರು,
ಇನ್ನೊಂದರಲ್ಲಿ ಪ್ರಾಣಿಗಳು.

ಆಲೋಯಿಸ್ ಎಂಬಾತ ಬಂದಿದ್ದನಂತೆ ಜರ್ಮನಿಯಿಂದ
ಯಂತ್ರ ಕೂರಿಸಲು, ಏಳು ತಿಂಗಳು.
ಇಬ್ಬರ ಇಂಗ್ಲಿಷೂ ಸ್ಪ್ಯಾನರಿನಷ್ಟೇ:
ಬಿಗಿ, ಸಡಿಲ, ಸಾಕು.
ಚಹಾದ ಹೊತ್ತಲ್ಲಿ ಬೇವಿನ ಮರ ಹತ್ತಿದ್ದನ್ನು ತೋರಿಸಿ
ಅಪ್ಪ ಅಂದದ್ದು ಇಣಚಿ.
ಅವನು, ತನ್ನೂರ ಮಾತಲ್ಲಿ, ಓಆಖ್‌ಕಾಟ್ಸ್ಲ್.
'ಓಕ್ ಅಂಬೋ ಮರದ ಬೆಕ್ಕು' ಎಂದು ಬರೆದಿದ್ದಾನೆ ಅಪ್ಪ.
ಕೆಳಗೆ ಪೆನ್ಸಿಲ್ಲಿನಲ್ಲಿ: ಬೆಕ್ಕೇ ಅಲ್ಲ, ಆದರೂ ಇರಲಿ.

ಕೆಂಪು ಬೆನ್ನ ಕರಿಚುಕ್ಕಿ ಹುಳ ಅಲ್ಲಿ ಸೂರ್ಯನ ಕರು.
ನಮ್ಮಲ್ಲಿ ಕೈಮುಗಿದು ಕೂರುವ ಹಸಿರು ಹುಳ
ಸೂರ್ಯನ ಕುದುರೆ.
'ಎಷ್ಟು ದೊಡ್ಡ ಕೊಟ್ಟಿಗೆಯೋ ಅವನದು,
ಸಗಣಿ ಬಾಚುವರಾರೋ'
ಇದೂ ಅಪ್ಪನ ಅಕ್ಷರವೇ.

ಕರಡಿಗೆ ಇಡೀ ಹಾಳೆ.
ಕರೆದರೆ ಬಂದೀತೆಂದು ಅವರ ಹಿರೀಕರು
ನಿಜದ ಹೆಸರು ನುಂಗಿ 'ಕಂದುಬಣ್ಣದ್ದು' ಅಂದರಂತೆ.
ಅಂದೂ ಅಂದೂ ನಿಜದ್ದೇ ಮರೆತುಹೋಯಿತಂತೆ.
(ಆಲೋಯಿಸನ ತಂದೆ ಶಾಲೆ ಮೇಷ್ಟ್ರು.)
ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ;
ರಾತ್ರಿ ಹಾವಿಗೆ ಹಗ್ಗವೆನ್ನುವ,
ಕಚ್ಚಿದರೆ 'ಹುಳ ಮುಟ್ತು' ಅನ್ನುವ ಮನೆಯವನು.

ಆಮೇಲೆ ಚಿಟ್ಟೆ.
ಅವನ ಸೀಮೆಯಲ್ಲಿ ಹಾಲುಗಳ್ಳ,
ಹೆಂಡತಿಯ ಸೀಮೆಯಲ್ಲಿ ಬೆಣ್ಣೆಹಕ್ಕಿ.
ದಾವಣಗೆರೆಯವನಿಗೆ ಬೆಣ್ಣೆ ಅಂದರೆ ಕೇಳಬೇಕೆ,
ಎರಡೆರಡು ಅಡಿಗೆರೆ.
ಎದುರಿಗೆ ದುಂಡಗೆ: ಪಾತರಗಿತ್ತಿ.
ಅರ್ಥದ ಜಾಗ ಖಾಲಿ.

ಗೊತ್ತಿಲ್ಲದೆ ಬಿಟ್ಟದ್ದಲ್ಲ.
ಪಾತರ ಅಂದರೆ ಕುಣಿಯುವವಳು, ಇಷ್ಟೇ.
ನಮ್ಮ ಗೋಡೆಯಲ್ಲಿ ಅಜ್ಜಿಯ ಫೋಟೊ ಇರಲಿಲ್ಲ.
'ಹರಪನಹಳ್ಳಿಯವರು' ಅನ್ನುತ್ತಿದ್ದರು,
ಅಟ್ಟದ ಗೆಜ್ಜೆಪೆಟ್ಟಿಗೆಗೆ 'ಆ ಸಾಮಾನು'.
ಕರೆದರೆ ಬಂದಾಳೆಂದು.

ಏನರ್ಥ, ಎಂದು ಆಲೋಯಿಸ್ ಕೇಳಿರಬೇಕು.
ಅಪ್ಪ ಲೋಟ ಇಟ್ಟು
ಸ್ಪ್ಯಾನರ್ ಎತ್ತಿಕೊಂಡು ಎದ್ದಿರಬೇಕು.

ಹಳೆಯ ಪಹಣಿಯೊಂದರಲ್ಲಿ ನನಗೆ ಸಿಕ್ಕಿದ ಹೆಸರು ಹಂಪವ್ವ.
ನಿನ್ನೆ ಆ ಖಾಲಿ ಸಾಲಿನಲ್ಲಿ ಬರೆದೆ.
ಎಣ್ಣೆ ಕುಡಿದ ಕಾಗದ, ಇಂಕು ಹಿಡಿಯಲೊಲ್ಲದು;
ಮೂರು ಸಲ ತಿದ್ದಬೇಕಾಯಿತು.