ಒಗರು

ಶುಕ್ರವಾರ ಆರು ಹೊಡೆದರೆ
ಕೈಂಟನ್ನಿನ ಅಂಗಡಿಗಳೆಲ್ಲ ಕದ ಹಾಕಿಕೊಳ್ಳುತ್ತವೆ,
ಔಷಧಿಯದು, ಉಣ್ಣೆಯದು, ಮೀನಿನದು.
ಐಲ್ಸಾಳ ವೈನ್ ಅಂಗಡಿ ಮಾತ್ರ
ನಿದ್ದೆ ಬಾರದ ಮುದುಕಿಯ ಹಾಗೆ
ದೀಪ ಹಚ್ಚಿಕೊಂಡು ಕೂತಿರುತ್ತದೆ.
ಜೂನ್ ತಿಂಗಳ ಚಳಿ. ಕರಿಗಲ್ಲಿನ ಗೋಡೆ ಮುಟ್ಟಿದರೆ
ಬೆರಳು ಕಚ್ಚುತ್ತದೆ.

ಆರು ಬಾಟಲಿ, ಆರಕ್ಕೂ ಕಾಲುಚೀಲ:
ಅವಳ ಮಗ ಫುಟ್‌ಬಾಲ್ ಬಿಟ್ಟ ಮೇಲೆ ಉಳಿದವು,
ಪಟ್ಟೆ ಪಟ್ಟೆಯವು, ಒಂದಕ್ಕೆ ಹಿಮ್ಮಡಿಯಲ್ಲಿ ತೂತು.
ಹೆಸರು ಕಾಣಬಾರದು, ಊರು ಕಾಣಬಾರದು,
ಬೆಲೆಯಂತೂ ಕಾಣಲೇಬಾರದು.
ನಾಲಿಗೆಯೊಂದೇ ಸಾಕ್ಷಿ ಹೇಳಬೇಕು.

ನನ್ನದು ಕೌಂಟರಿನ ಈಚೆ.
ತಂತಿಯಿಂದ ಚೀಸ್ ಕೊಯ್ಯುವುದು,
ಹ್ಯಾಮನ್ನು ಕಾಗದಕ್ಕಿಂತ ತೆಳ್ಳಗೆ ಸೀಳುವುದು,
ಕೊನೆಗೆ ನೂರೆಂಬತ್ತು ಗ್ಲಾಸು ತೊಳೆಯುವುದು.
ಅಪ್ಪನ ಖಾನಾವಳಿಯಲ್ಲಿ ತಟ್ಟೆ ಎಣಿಸುತ್ತ ಬೆಳೆದವಳಿಗೆ
ಇದೇನು ಮಹಾ.

ಸಲಾಮಿ ತೂಗುಹಾಕಿದ ಮೂಲೆಯಲ್ಲಿ ಒಟ್ಟಾವಿಯೋ,
ಎದೆಯ ಮೇಲೆ ಅಕಾರ್ಡಿಯನ್ ಮಲಗಿಸಿಕೊಂಡು
ಮೊಮ್ಮಗುವಿನ ಬೆನ್ನು ತಟ್ಟುವವನಂತೆ.
ಪಕ್ಕದಲ್ಲಿ ಪಿಟೀಲು ಹಿಡಿದ ಮೇವ್,
ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುವವಳು;
ತಿರುವಿನಲ್ಲಿ ಗೇರು ಬದಲಿಸಿದ ಹಾಗೇ ತಾಳ ಬದಲಿಸುತ್ತಾಳೆ.
ಹಿಂದೆ ನಮ್ಮ ಹಳೇ ಫ್ರಿಜ್ಜು
ಗುಂಯ್ ಎಂದು ಶ್ರುತಿ ಹಿಡಿದಿರುತ್ತದೆ.
ಒಟ್ಟಾವಿಯೋ ಪ್ರತಿ ವಾರ ಅದರ ಸ್ವರದಿಂದಲೇ ಶುರು.
ರಿಪೇರಿಯವನನ್ನು ಕರೆಸಿದೆಯೋ ನೋಡು
ಎಂದು ಐಲ್ಸಾಗೆ ತಾಕೀತು.

ಗ್ಲಾಸು ಗಿರಗಿರ ತಿರುಗುತ್ತದೆ, ಮೂಗು ಇಳಿಯುತ್ತದೆ.
"ಕರಿ ಚೆರ್ರಿ," ಎನ್ನುತ್ತಾರೆ ವಕೀಲರು,
"ತೊಗಲು. ಪೆನ್ಸಿಲ್ ಹೆರೆದ ಪುಡಿ."
"ಮಳೆಯಲ್ಲಿ ನೆಂದ ನಾಯಿ," ಎನ್ನುತ್ತಾಳೆ ದನದ ಡಾಕ್ಟರು ಪೆಟ್ರಾ.
ಅದು ಹೊಗಳಿಕೆಯೋ ಅಲ್ಲವೋ, ಯಾರೂ ಕೇಳುವುದಿಲ್ಲ.

ಕ್ಲಾರಿ ಡನ್‌ಸ್ಟನ್ ಮಾತ್ರ ಏನೂ ಅನ್ನುವುದಿಲ್ಲ.
ರೈಲ್ವೆಯಲ್ಲಿ ನಲವತ್ತು ವರ್ಷ ಸಿಗ್ನಲ್ ಎಳೆದವನು.
ಮೂರು ವರ್ಷದ ಹಿಂದೆ ಒಂದು ಜ್ವರ ಬಂದು
ವಾಸನೆಯನ್ನೆಲ್ಲ ಗುಡಿಸಿಕೊಂಡು ಹೋಯಿತು.
ಆದರೂ ಹದಿನೈದು ಡಾಲರು ಎಣಿಸಿ ಕೊಡುತ್ತಾನೆ,
ಬಾಯಿ ಮುಕ್ಕಳಿಸಿ, ಬಕೆಟ್ಟಿಗೆ
ಗುರಿ ತಪ್ಪದೆ ಉಗುಳುತ್ತಾನೆ,
ತನ್ನ ಪಾಡಿಗೆ ಕಾಲು ಕುಣಿಸುತ್ತ ಕೂರುತ್ತಾನೆ.

ಹೋದ ವಾರ ನಾಲ್ಕನೆಯದು,
ಆ ತೂತು ಹಿಮ್ಮಡಿಯದು, ಸುರಿದಾಗ
ನನ್ನತ್ತ ಬಾಗಿ ಕೇಳಿದ: "ನಿನಗೇನು ಸಿಕ್ಕಿತು?"
ನನಗೂ ಒಂದು ಗುಟುಕು ಕೊಟ್ಟಿದ್ದರು.
ಇಂಗ್ಲಿಷು ತಡಕಿದೆ. ಕೈಗೆ ಸಿಗಲಿಲ್ಲ.
"ಒಗರು," ಅಂದೆ.
"ಅಂದರೆ?"

ಅಂದರೆ, ಎಳೇ ಬಾಳೆಕಾಯಿ. ಅಂದರೆ, ನೇರಳೆ ಹಣ್ಣು ತಿಂದು
ಕನ್ನಡಿ ಮುಂದೆ ಚಾಚಿದ ನೀಲಿ ನಾಲಿಗೆ.
ಸಿಹಿಯಲ್ಲ, ಕಹಿಯಲ್ಲ, ಹುಳಿಯೂ ಅಲ್ಲ,
ನಾಲಿಗೆಗೆ ಯಾರೋ ಒರಟು ಖಾದಿ ಹೊದಿಸಿದ ಹಾಗೆ,
ಕೆನ್ನೆಯ ಒಳಗೋಡೆಗಳು
ಒಂದನ್ನೊಂದು ಹಿಡಿದುಕೊಂಡ ಹಾಗೆ.

ಇನ್ನೊಂದು ಗುಟುಕು ಕೇಳಿದ.
ಈ ಸಲ ಉಗುಳಲಿಲ್ಲ.
ಆಗಲೇ ಫ್ರಿಜ್ಜು ಗಕ್ಕನೆ ನಿಂತಿತು,
ಶ್ರುತಿ ಕಳೆದುಕೊಂಡ ಒಟ್ಟಾವಿಯೋ ಅರ್ಧ ಉಸಿರಿನಲ್ಲಿ ನಿಂತ,
ಆ ಮೌನದೊಳಗೆ, ಇಡೀ ಅಂಗಡಿಗೆ ಕೇಳುವ ಹಾಗೆ, ಕ್ಲಾರಿ:
"ಇದೆ! ಅದು ಇದೆ! ನನಗೆ ಗೊತ್ತಾಗ್ತಿದೆ!"

ಯಾರಿಗೂ ಏನೂ ತೋಚಲಿಲ್ಲ.
ವಕೀಲರು ಆಲಿವ್ ಬೀಜವನ್ನು ಬಾಯಲ್ಲೇ ಇಟ್ಟುಕೊಂಡಿದ್ದರು.
ಮೇವ್ ಫ್ರಿಜ್ಜಿಗೆ ಕಾಲಿನಿಂದ ಒಂದು ಕೊಟ್ಟಳು;
ಅದು ಕೆಮ್ಮಿ, ಮತ್ತೆ ಗುಂಯ್ ಎಂದಿತು.
ಐಲ್ಸಾ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ
ಒಗರು ಎಂದು ಬರೆದಳು, ಎರಡು ತಪ್ಪಿನೊಂದಿಗೆ.
ನಾನು ತಿದ್ದಲಿಲ್ಲ.

ಉಳಿದಿದ್ದ ಅರ್ಧ ಬಾಟಲಿಗೆ
ಕ್ಲಾರಿ ಪೂರ್ತಿ ದುಡ್ಡು ಕೊಟ್ಟ.
ಎಲ್ಲಿಯದು, ಯಾವ ವರ್ಷದ್ದು, ಕೇಳಲಿಲ್ಲ.
ಕಾಲುಚೀಲ ಬಿಚ್ಚಲೂ ಬಿಡದೆ
ಕೋಟಿನೊಳಗೆ ಇಳಿಸಿ ಚಳಿಗೆ ನಡೆದ.

ಈ ಶುಕ್ರವಾರ ಕೌಂಟರಿನ ಮೇಲೆ ಒಂದು ಪೊಟ್ಟಣ.
ಒಳಗೆ ಅದೇ ಕಾಲುಚೀಲ,
ಒಗೆದು, ಇಸ್ತ್ರಿ ಮಾಡಿ,
ಹಿಮ್ಮಡಿಯ ತೂತಿಗೆ ಹೊಲಿಗೆ ಹಾಕಿದ್ದು.
ದಾರದ ಬಣ್ಣ ಹೊಂದಿರಲಿಲ್ಲ.